ಶೀಲಾ ಕೊಟ್ಟ ರಾಜೀನಾಮೆ

21 ಜನವರಿ 2008, ಸೋಮವಾರ

ಇಂದಿನಿಂದ ರಜೆ, ಇಪ್ಪತ್ತೊಂದು ದಿನ. ಸಿರುಗುಪ್ಪದ ಹತ್ತಿರದ ದೇಶನೂರು ಶಾಲೆಯ ಹೆಡ್‌ಮಾಸ್ತರು ಚಿದಾನಂದಪ್ಪನವರು ಅರ್ಜಿಗೆ ರುಜು ಹಾಕುವಾಗ ಮುಖ ಎತ್ತಲೇ ಇಲ್ಲ. "ವರ್ಷದಾಗ ಇದು ಮೂರನೇ ಸಲ ಟೀಚರಮ್ಮಾರ. ಫೆಬ್ರುವರಿ ಹನ್ನೊಂದಕ್ಕ ಬರ್ರಿ, ಇಲ್ಲಾ ಕೆಲಸ ಬಿಟ್ಟೀನಂತ ಬರದು ಕೊಡ್ರಿ. ಇನ್ನೊಂದು ಸಲ ಮ್ಯಾಲಿನವರಿಗೆ ಕೇಳಾಕ ನನಗ ಮುಖ ಇಲ್ಲ," ಅಂದರು. ಅವರದೇನೂ ತಪ್ಪಿಲ್ಲ.

ರಜೆ ಯಾತಕ್ಕೆ ಅಂದರೆ ಟೀವಿಗೆ. 'ಸಿರಿಜೋಡಿ' ಅಂತ ಒಂದು ಕಾರ್ಯಕ್ರಮ. ಸಿರಿವಂತ ಗಂಡ ಹೆಂಡಿರು ಮನೆಯೊಳಗೆ ಹೇಗಿರುತ್ತಾರೆ ಅಂತ ನಾಡಿಗೆಲ್ಲ ತೋರಿಸುವುದು. ಬಳ್ಳಾರಿಯಿಂದ ಮೂರು ಜೋಡಿ ಆರಿಸಿದ್ದಾರೆ, ಮೂರೂ ಕಬ್ಬಿಣದ ಅದಿರಿನ ದಂಧೆಯವರೇ, ಅದರಲ್ಲಿ ಒಂದು ನಾವು. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯವರ ಹತ್ತಿರ ಇದ್ದದ್ದು ಒಂದೇ ಲಾರಿ, ಓಡಿಸುವವರೂ ಇವರೇ. ಅದರ ಟೈರು ಬಂದದ್ದು ನನ್ನ ಸಂಬಳದಲ್ಲಿ. ಈಗ ಬಳ್ಳಾರಿಯ ಗಾಂಧಿನಗರದಲ್ಲಿ ಮೂರು ಅಂತಸ್ತಿನ ಮನೆ. ಹೆಂಡತಿ ಮಾತ್ರ ಇನ್ನೂ ಬೆಳಿಗ್ಗೆ ಆರರ ಸಿರುಗುಪ್ಪ ಬಸ್ಸಿಗೆ ನಿಲ್ಲುತ್ತಾಳೆ ಅನ್ನುವುದು ಇವರಿಗೆ ದೊಡ್ಡ ನಾಚಿಕೆ.

ಇದನ್ನು ಪಾಠ ಟಿಪ್ಪಣಿ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಇದನ್ನು ಯಾರೂ ತೆರೆಯುವುದಿಲ್ಲ. ಆದರೂ ಇವರ ಹೆಸರು ಬರೆಯಲು ಕೈ ಏಳುವುದಿಲ್ಲ. ಗಂಡನ ಹೆಸರು ಬಾಯಿಂದ ತೆಗೆಯಬಾರದು ಅಂತ ಕಲಿತವಳಿಗೆ ಪೆನ್ನಿನಿಂದಲೂ ಬರುವುದಿಲ್ಲ.

ಆರನೇ ತರಗತಿಯ ಪ್ರಬಂಧದ ನೋಟ್‌ಬುಕ್ಕುಗಳನ್ನು ಚೀಲದಲ್ಲಿ ತಂದುಬಿಟ್ಟಿದ್ದೇನೆ. ಮೂವತ್ತೆಂಟು. ಯಾರ ಕೈಲಾದರೂ ವಾಪಸ್ ಕಳಿಸಬೇಕು, ಇನ್ನು ತಿದ್ದುವವರು ಬೇರೆಯವರು. ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ. ಕೆಲಸ ಬಿಟ್ಟರೆ ಬೆಳಿಗ್ಗೆ ಏಳರವರೆಗೆ ಮಲಗಬಹುದು.

22 ಜನವರಿ, ಮಂಗಳವಾರ

ಏಳರವರೆಗೆ ಮಲಗುವ ಮಾತು ಸುಳ್ಳಾಯಿತು. ಕ್ಯಾಮೆರಾದವರು ಐದಕ್ಕೇ ಬಂದರು. ನಾನು ಎದ್ದು, ತಲೆಗೆ ಸ್ನಾನ ಮಾಡಿ, ಮಲಗಿರುವ ಗಂಡನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಂತೆ. ಹದಿಮೂರು ವರ್ಷದಲ್ಲಿ ಒಂದು ದಿನವೂ ಹೀಗೆ ಮಾಡಿಲ್ಲ ಅಂದೆ. ಬೆಂಗಳೂರಿನಿಂದ ಬಂದ ಡೈರೆಕ್ಟರು ತುಂಬ ವಿನಯದ ಮನುಷ್ಯ. "ಜನ ಇದನ್ನೇ ನೋಡೋಕೆ ಇಷ್ಟಪಡೋದು ಮೇಡಂ," ಅಂದರು.

ಐದು ಸಲ ಮುಟ್ಟಿಸಿದರು. ಮೂರನೆಯ ಸಲಕ್ಕೆ ಇವರಿಗೆ ನಿಜವಾಗಿಯೂ ನಿದ್ದೆ ಹತ್ತಿ ಗೊರಕೆ ಬಂತು. ಅದನ್ನು ಕತ್ತರಿಸುತ್ತಾರಂತೆ. ಇಡೀ ಬೆಳಗಿನಲ್ಲಿ ಖರೇ ಇದ್ದದ್ದು ಅದೊಂದೇ.

ಮೇಕಪ್ಪಿಗೆ ಬರುವ ಶಬನಂ ನಮ್ಮ ಊರಿನವಳೇ, ಕೌಲ್‌ಬಜಾರಿನವಳು. "ಅಕ್ಕಾ, ನಾನೇನರ ಹಿಂಗ ಪಾದ ಮುಟ್ಟಾಕ ಹೋದ್ರ ನಮ್ಮ ಮನಿಯವ್ರು ಹೆದರ್ಕೊಂಡು ಎದ್ದು ಕುಂದರ್ತಾರ, ಏನ್ ಕೇಳಾಕ ಬಂದಾಳೋ ಅಂತ," ಅಂದಳು. ನಗು ತಡೆಯಲಾಗಲಿಲ್ಲ. ಕಾಡಿಗೆ ಕೆಟ್ಟಿತು, ಬೈಯುತ್ತಲೇ ಮತ್ತೆ ಹಚ್ಚಿದಳು.

24 ಜನವರಿ, ಗುರುವಾರ

ಇವತ್ತು ಕಲ್ಯಾಣ ಮಂಟಪದಲ್ಲಿ ಮೂರೂ ಜೋಡಿಗೆ ಒಟ್ಟಿಗೆ ಆಟ. ಹೆಂಡಂದಿರ ಕಣ್ಣಿಗೆ ಬಟ್ಟೆ ಕಟ್ಟಿದರು. ಎದುರಿಗೆ ಹತ್ತು ಜೊತೆ ಚಪ್ಪಲಿ ಸುರಿದು, ಮುಟ್ಟಿ ನೋಡಿ ಗಂಡನದು ಯಾವುದು ಹೇಳಿ ಅಂದರು. ನಾನು ಹೇಳಿದೆ. ಎಡಗಾಲಿನದು ಮುಂದೆ ಸವೆದಿರುತ್ತದೆ, ಕ್ಲಚ್ ತುಳಿದು ತುಳಿದು ಇವರ ನಡಿಗೆಯೇ ಹಾಗಾಗಿದೆ. ಹತ್ತು ಅಂಕ ಕೊಟ್ಟರು.

ಆಮೇಲೆ ಗಂಡಂದಿರ ಸರದಿ. ಅವರ ಕಣ್ಣು ಕಟ್ಟಲಿಲ್ಲ, ಮೆತ್ತನೆಯ ಕುರ್ಚಿ ಹಾಕಿದರು. ನಿರೂಪಕ ಕೇಳಿದ (ಹೆಸರು ತೆಗೆದವನು ಅವನು, ನಾನಲ್ಲ), "ಗವಿಸಿದ್ದೇಶ್ ಸರ್, ನಿಮ್ಮ ಶ್ರೀಮತಿಗೆ ಪ್ರಪಂಚದಲ್ಲಿ ತುಂಬ ಇಷ್ಟ ಆಗೋದು ಏನು?"

"ನಾನೇ, ಮತ್ಯಾರು?" ಅಂದರು ಇವರು. ಚಪ್ಪಾಳೆ, ಹತ್ತು ಅಂಕ.

"ಮೇಡಂ ಟೀಚರ್ ಅಂತೆ. ಎಷ್ಟನೇ ಕ್ಲಾಸಿಗೆ ಪಾಠ ಮಾಡ್ತಾರೆ?"

ಇವರು ನನ್ನ ಕಡೆ ಒಂದು ಸಲ ನೋಡಿದರು. "ಸಣ್ಣ ಹುಡುಗ್ರಿಗೆ. ಮಗ್ಗಿ ಗಿಗ್ಗಿ ಹೇಳಿಕೊಡ್ತಾಳ, ಟೈಂಪಾಸಿಗೆ," ಅಂದರು.

ಅದಕ್ಕೂ ಹತ್ತು ಕೊಟ್ಟರು. ಉತ್ತರ ಸರಿಯೋ ತಪ್ಪೋ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಹದಿಮೂರು ವರ್ಷದಿಂದ ಆರು ಮತ್ತು ಏಳನೇ ತರಗತಿಗೆ ಕನ್ನಡ, ಗಣಿತ. ಮನೆಗೆ ಬಂದು ಚೀಲ ತೆಗೆದು ನಾಲ್ಕು ನೋಟ್‌ಬುಕ್ಕು ತಿದ್ದಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು, ಅಷ್ಟೆ.

27 ಜನವರಿ, ಭಾನುವಾರ

ದಿನವಿಡೀ ಅಡಿಗೆಯ ಶೂಟಿಂಗ್. ಅಡಿಗೆ ಮಾಡಿದವಳು ಕೆಲಸದವಳು, ಸೌಟು ಹಿಡಿದು ನಿಂತವಳು ನಾನು. ಒಂದೇ ಒಗ್ಗರಣೆ ಏಳು ಸಲ. ನಮ್ಮತ್ತೆ ಚನ್ನವೀರಮ್ಮನವರು ಕ್ಯಾಮೆರಾ ಮುಂದೆ "ಸೊಸಿ ಅಲ್ಲ, ಮಗಳು," ಅಂದರು. ಲೈಟು ಆರಿದ ಮೇಲೆ, "ನನ್ನ ಗುಳಿಗಿ ಎಲ್ಲಿಟ್ಟಿ?" ಅಂದರು. ರಾತ್ರಿ ಆರು ನೋಟ್‌ಬುಕ್ಕು ತಿದ್ದಿದೆ.

29 ಜನವರಿ, ಮಂಗಳವಾರ

ಕುರುಗೋಡಿನ ಬಸವೇಶ್ವರ ಗುಡಿಯಲ್ಲಿ ಶೂಟಿಂಗ್. ನಾನು ಕಣ್ಣು ಮುಚ್ಚಿ ಗಂಡನ ಆಯುಷ್ಯಕ್ಕೆ ಬೇಡಿಕೊಳ್ಳಬೇಕು. ಇವರು ಪಕ್ಕದಲ್ಲಿ ಹೊಸ ಗಡಿಯಾರ ಕಾಣುವ ಹಾಗೆ ಕೈ ಜೋಡಿಸಿ ನಿಲ್ಲಬೇಕು. ನನ್ನ ಆಯುಷ್ಯ ಬೇಡುವ ದೃಶ್ಯ ಡೈರೆಕ್ಟರ ಹಾಳೆಯಲ್ಲಿ ಇರಲಿಲ್ಲ.

ಅವ್ವ ಬಂದಿದ್ದಳು. ಅವಳಿರುವ ಅಣ್ಣನ ಮನೆ ಗುಡಿಯ ಹಿಂದಿನ ಓಣಿಯಲ್ಲೇ. ಹೊಸ ಇಳಕಲ್ ಸೀರೆ ಉಟ್ಟು, ಡಬ್ಬಿಯಲ್ಲಿ ಹೋಳಿಗೆ ಹಿಡಿದುಕೊಂಡು, ಕ್ಯಾಮೆರಾ ನಡೆಯುತ್ತಿದೆ ಅನ್ನುವುದನ್ನೂ ನೋಡದೆ ಸೀದಾ ನನ್ನ ಹತ್ತಿರ ಬಂದು, "ಸಾವಂತ್ರೀ, ಎಷ್ಟು ಸೊರಗೀದಿ ಬೇ," ಅಂದಳು.

"ಕಟ್," ಅಂದರು ಡೈರೆಕ್ಟರು. "ಯಾರು ಸಾವಂತ್ರಿ?"

ಇವರು ನಕ್ಕರು. "ಅದು ಹಳೇ ಹೆಸರು ಸರ್, ಸಾವಂತ್ರಮ್ಮ ಅಂತ. ಮದುವಿಯಾಗ ಬದಲಿ ಮಾಡೀವಿ. ಈಗ ಆ ಹೆಸರಿಲ್ಲ."

ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದ ತುದಿಯಿಂದ 'ಶೀಲಾ' ಅಂತ ಬರೆದವರು ಇವರೇ. ಸಾವಂತ್ರಮ್ಮ ಅನ್ನುವುದು ನಮ್ಮತ್ತೆಗೆ ತೀರ ಹಳ್ಳಿ ಹೆಸರು ಅನಿಸಿತ್ತು. ಆ ಅಕ್ಕಿಯನ್ನು ಮರುದಿನ ಪಾಯಸಕ್ಕೆ ಹಾಕಿದರು, ನಾನೂ ತಿಂದೆ. ಈಗ ಆ ಹೆಸರು ಉಳಿದಿರುವುದು ಅವ್ವನ ಬಾಯಲ್ಲಿ, ಇನ್ನು ಶಾಲೆಯಲ್ಲಿ. ನೌಕರಿಯ ಆದೇಶ ಮದುವೆಗೆ ಮೂರು ತಿಂಗಳು ಮೊದಲೇ ಬಂದಿತ್ತು, ಹಾಗಾಗಿ ಅಲ್ಲಿ ಉಳಿಯಿತು.

ಡೈರೆಕ್ಟರು ಅವ್ವನಿಗೆ ಶೀಲಾ ಅನ್ನಲು ಹೇಳಿಕೊಟ್ಟರು. ಮೊದಲ ಸಲ ಸಾವಂತ್ರಿ ಅಂದಳು, ಎರಡನೆಯ ಸಲವೂ ಅದೇ ಬಂತು. ಬೈಸಿಕೊಂಡ ಮಕ್ಕಳ ಹಾಗೆ ನನ್ನ ಮುಖ ನೋಡಿದಳು. ಮೂರನೆಯ ಸಲ, "ಶೀಲಾ, ಬರ್ರಿ," ಅಂದಳು. ಹೆತ್ತ ಮಗಳಿಗೆ ಬರ್ರಿ ಅಂದಳು, ಗುರುತಿಲ್ಲದವರನ್ನು ಕರೆದ ಹಾಗೆ. ಅದನ್ನೇ ಇಟ್ಟುಕೊಂಡರು.

ಹೋಳಿಗೆಯನ್ನು ಶೂಟಿಂಗಿನವರು ತಿಂದರು. ವಾಪಸ್ ಬರುವಾಗ ಕಾರಿನಲ್ಲಿ ಅಳು ಬಂತು. ಇವರು, "ಕ್ಯಾಮೆರಾ ಇದ್ದಾಗ ಯಾಕ ಅಳಂಗಿಲ್ಲ ನೀನು?" ಅಂದರು. ತಮಾಷೆಗೆ ಅಂದದ್ದು.

30 ಜನವರಿ, ಬುಧವಾರ

ನೋಟ್‌ಬುಕ್ಕುಗಳಲ್ಲಿ ತಬಸ್ಸುಮಳದು ಬಂತು. ಎರಡನೇ ಬೆಂಚಿನ ಹುಡುಗಿ, ಅವಳಮ್ಮ ಭತ್ತದ ನಾಟಿಗೆ ಹೋಗುತ್ತಾಳೆ. 'ನಾನು ದೊಡ್ಡವಳಾದ ಮೇಲೆ' ಅಂತ ಪ್ರಬಂಧ. 'ನಾನು ದೊಡ್ಡವಳಾದ ಮೇಲೆ ಸಾವಂತ್ರಮ್ಮ ಟೀಚರ್ ಆಗುತ್ತೇನೆ' ಅಂತ ಬರೆದಿದ್ದಾಳೆ. ಟೀಚರ್ ಆಗುತ್ತೇನೆ ಅಂದರೆ ಸಾಕಿತ್ತು. ಕೆಂಪು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಅದನ್ನು ತಿದ್ದಲಿಲ್ಲ.

2 ಫೆಬ್ರುವರಿ, ಶನಿವಾರ

ಕೊನೆಯ ಸುತ್ತಿಗೆ 'ತ್ಯಾಗ' ಅಂತ ಹೆಸರು. ಹೆಂಡಂದಿರು ಗಂಡನಿಗಾಗಿ ಏನಾದರೊಂದು ಬಿಡಬೇಕು. ಒಬ್ಬಾಕೆ ಹಾಡುವುದನ್ನು ಬಿಡುತ್ತಾಳಂತೆ. ಇನ್ನೊಬ್ಬಾಕೆ ಒಡಹುಟ್ಟಿದ ಅಕ್ಕನ ಜೊತೆ ಮಾತು ಬಿಡುತ್ತಾಳಂತೆ, ಗಂಡನಿಗೆ ಆ ಅಕ್ಕನನ್ನು ಕಂಡರೆ ಆಗುವುದಿಲ್ಲ. ನಾನು ಬಿಡಬೇಕಾದದ್ದು ನೌಕರಿ. ವೇದಿಕೆಯ ಮೇಲೆ, ಎಲ್ಲರ ಎದುರಿಗೆ ರಾಜೀನಾಮೆ ಬರೆದು ಇವರ ಕೈಗೆ ಕೊಡಬೇಕು.

ಗಂಡಂದಿರು ಏನು ಬಿಡುತ್ತಾರೆ ಅಂತ ಕೇಳಿದೆ. ಡೈರೆಕ್ಟರು ಹಾಳೆ ತಿರುವಿದರು, ಮತ್ತೆ ತಿರುವಿದರು. "ಅವರು ನಿಮ್ಮ ಕೊರಳಿಗೆ ಹಾರ ಹಾಕ್ತಾರೆ ಮೇಡಂ," ಅಂದರು.

ಇದು ಆಟದವರೇ ಬರೆದದ್ದೋ ಇವರು ಹೇಳಿ ಬರೆಸಿದ್ದೋ ಗೊತ್ತಿಲ್ಲ. ಊಟಕ್ಕೆ ಕೂತಾಗ ಇವರೇ ತೆಗೆದರು. "ನಿನಗ ಏನು ಕಮ್ಮಿ ಐತಿ ಹೇಳು. ಅಷ್ಟು ಮಂದಿ ಡ್ರೈವರ್‌ಗಳು ನನಗ ಸಲಾಮ್ ಹೊಡಿತಾರ, ನೀನು ಅವರ ಕಣ್ಣಮುಂದ ಬಸ್ಸಿನಾಗ ಜೋತುಬಿದ್ದು ಹೋಗ್ತಿ."

"ಕಮ್ಮಿ ಐತಂತ ಹೋಗಂಗಿಲ್ಲ ನಾನು."

"ಮತ್ಯಾಕ ಹೋಗ್ತಿ?"

ಮೂವತ್ತೆಂಟು ಮಕ್ಕಳು 'ನಮಸ್ತೇ ಟೀಚರ್' ಅಂದಾಗ ಏನಾಗುತ್ತದೆ ಅಂತ ಊಟದ ತಟ್ಟೆಯ ಮುಂದೆ ಹೇಗೆ ಹೇಳುವುದು. ಇವರ ತಟ್ಟೆಗೆ ಅನ್ನ ಬಡಿಸಿದೆ. ಆಗ ಇವರ ದನಿ ಇಳಿಯಿತು. "ದಣದೀದಿ ನೀನು. ನಾನೂ ದಣದೀನಿ. ಇಬ್ರಾಗ ಒಬ್ರರ ಮನಿಯಾಗ ಕುಂದರೂಣು," ಅಂದರು. ಅದು ಮಾತ್ರ ಹಳೆಯ ದನಿ. ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಎದುರು ಲಾರಿ ನಿಲ್ಲಿಸಿಕೊಂಡು, ಕಾಗದದಲ್ಲಿ ಮೆಣಸಿನಕಾಯಿ ಬಜ್ಜಿ ಹಿಡಿದು ನನಗೆ ಕಾಯುತ್ತಿದ್ದ ಮನುಷ್ಯನ ದನಿ. ಅದನ್ನು ಕೇಳಿ ಎಷ್ಟು ವರ್ಷವಾಗಿತ್ತು. ಸರಿ ಅಂದುಬಿಟ್ಟೆ.

3 ಫೆಬ್ರುವರಿ, ಭಾನುವಾರ

ಶಬನಂಗೆ ಹೇಳಿದೆ. ಬಾಚಣಿಗೆ ಹಿಡಿದ ಕೈ ನಿಂತಿತು. "ನಮ್ಮ ಮನಿಯವ್ರು ಇಲಿಯಾಸ್ ಏನರ ನನಗ ಮೇಕಪ್ ಬಿಡು ಅಂದ್ರ, ನೀವು ಪಂಕ್ಚರ್ ಹಚ್ಚೋದು ಬಿಡ್ರಿ ಅಂತೀನಿ. ಇಬ್ರೂ ಕುಂತು ಗೋಡಿ ನೋಡೂಣು," ಅಂದಳು. ನನಗೆ ನಗಲೂ ತ್ರಾಣವಿಲ್ಲ. ಸರಿ ಅಂದದ್ದು ಅಂದಾಯಿತು. ಇನ್ನು ಒಂಬತ್ತು ನೋಟ್‌ಬುಕ್ಕು ಉಳಿದಿವೆ.

5 ಫೆಬ್ರುವರಿ, ಮಂಗಳವಾರ

ಮುಗಿಯಿತು.

ರಾಜೀನಾಮೆ ಪತ್ರವನ್ನು ಇವರ ಆಫೀಸಿನ ಮ್ಯಾನೇಜರ್ ಗಾದೆಪ್ಪ ಟೈಪ್ ಮಾಡಿಸಿ ತಂದಿದ್ದ. ಮೇಕಪ್ ಕೋಣೆಯಲ್ಲಿ ಓದಿದೆ. 'ದೇಶನೂರು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ಶ್ರೀಮತಿ ಶೀಲಾ ಗವಿಸಿದ್ದೇಶ್ ಆದ ನಾನು, ಸ್ವಂತ ಇಚ್ಛೆಯಿಂದ...' ಎರಡು ಸಲ ಓದಿದೆ. ಬೇರೆ ಯಾರದೋ ಪತ್ರ ಒಡೆದು ಓದಿದ ಹಾಗಾಯಿತು. ಏನೋ ಹೇಳಬೇಕು ಅನಿಸಿತು. ಶಬನಂ ತುಟಿಗೆ ಬಣ್ಣ ಹಚ್ಚುತ್ತಿದ್ದಳು, "ಬಾಯಿ ಅಲಗಾಡಿಸಬ್ಯಾಡ ಅಕ್ಕಾ," ಅಂದಳು. ಅಲುಗಾಡಿಸಲಿಲ್ಲ.

ವೇದಿಕೆಯ ಮೇಲೆ 'ಶೀಲಾ' ಅಂತ ದುಂಡಗೆ ಸಹಿ ಹಾಕಿದೆ. ಆ ಹೆಸರಿನಲ್ಲಿ ಸಹಿ ಹಾಕಿದ್ದು ಇದೇ ಮೊದಲು, ಶಾಲೆ ಮತ್ತು ಬ್ಯಾಂಕು ಬಿಟ್ಟರೆ ನನ್ನ ಸಹಿ ಯಾರಿಗೂ ಬೇಕಾಗಿರಲಿಲ್ಲ. ಇವರು ಹಾರ ಹಾಕಿದರು. ಇವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ತಲೆಯ ಮೇಲೆ 'ಆದರ್ಶ ಸತಿ' ಅಂತ ಕಿರೀಟ ಇಟ್ಟರು. ತೀರ ಹಗುರದ್ದು, ಜಾರದಿರಲಿ ಅಂತ ಪಿನ್ನು ಚುಚ್ಚಿದರು. ಗೆದ್ದ ಜೋಡಿ ನಮ್ಮದೇ.

8 ಫೆಬ್ರುವರಿ, ಶುಕ್ರವಾರ

ಬೆಳಿಗ್ಗೆ ಪತ್ರ ತೆಗೆದುಕೊಂಡು ಸಿರುಗುಪ್ಪದ ಶಿಕ್ಷಣ ಕಚೇರಿಗೆ ಹೋಗಿದ್ದ ಗಾದೆಪ್ಪ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದು ನಿಂತ. ಮುಂದಿನ ಬಾಗಿಲಿಗೆ ಬರಲು ಅವನಿಗೆ ಧೈರ್ಯ ಇರಲಿಲ್ಲ.

"ಅಮ್ಮಾರ, ದೇಶನೂರು ಸಾಲಿಯಾಗ ಶೀಲಾ ಅನ್ನೋ ಟೀಚರ್ ಇಲ್ಲಂತ್ರಿ. ಪಟ್ಟಿ ತಗದು ತೋರಿಸಿದ್ರು. ಇಲ್ಲದಾಕಿ ರಾಜೀನಾಮಿ ಹೆಂಗ ತಗೊಳ್ಳೂಣಪ್ಪ ಅಂತ ನಕ್ರು. ಅಲ್ಲಿರೋದು ಯಾರೋ ಸಾವಂತ್ರಮ್ಮ ಅಂತ್ರಿ." ಸ್ವಲ್ಪ ತಡೆದು ಕೇಳಿದ, "ಅವರು ನೀವೇ ಏನ್ರಿ?"

ನಾಲ್ಕು ವರ್ಷದಿಂದ ನಮ್ಮ ಮನೆಗೆ ಬರುವವನು ಕೇಳಿದ ಪ್ರಶ್ನೆ ಇದು. ಹೂಂ ಅಂದೆ.

"ಹಂಗಾದ್ರ ಸಾಹುಕಾರ್ರಿಗೆ ಹೇಳಿ ಇನ್ನೊಂದು ಟೈಪ್ ಮಾಡಿಸ್ತೀನ್ರಿ. ಅದಕ್ಕೊಂದು ಸಹಿ ಹಾಕಿಬಿಡ್ರಿ."

"ಅವರಿಗೆ ನಾನು ಹೇಳ್ತೀನಿ. ಆ ಪತ್ರ ಇಲ್ಲಿ ಕೊಡು."

ಕೊಟ್ಟು, ಬದುಕಿದೆ ಅನ್ನುವವನ ಹಾಗೆ ಹೋದ. ಹೇಳಬೇಕು. ಗವಿಸಿದ್ದೇಶ್ ಊಟಕ್ಕೆ ಬಂದಾಗ ಫೋನಿನಲ್ಲಿದ್ದರು, ಚಹಾಕ್ಕೆ ಬಂದಾಗ ಜೊತೆಗೆ ನಾಲ್ಕು ಜನ ಇದ್ದರು. ಪತ್ರವನ್ನು ತಬಸ್ಸುಮಳ ನೋಟ್‌ಬುಕ್ಕಿನೊಳಗೆ ಇಟ್ಟಿದ್ದೇನೆ, ಮುದುಡದಿರಲಿ ಅಂತ.

10 ಫೆಬ್ರುವರಿ, ಭಾನುವಾರ

ಸಂಜೆ ಏಳಕ್ಕೆ ಟೀವಿಯಲ್ಲಿ ಬಂತು. ಹಾಲ್ ತುಂಬ ಜನ. ಪಾದ ಮುಟ್ಟುವವಳು, ಚಪ್ಪಲಿ ತಡಕುವವಳು, ಸೌಟು ಹಿಡಿದವಳು, ಎಲ್ಲ ಕಡೆ ನಾನೇ. ಚೆಂದ ಕಾಣುತ್ತಿದ್ದೆ, ಅದು ಶಬನಂ ಕೈಗುಣ. ಆದರೆ ನೋಡುತ್ತ ನೋಡುತ್ತ ಪಕ್ಕದ ಮನೆಯವಳನ್ನು ನೋಡಿದ ಹಾಗೆ, ಪಾಪ ಅನಿಸತೊಡಗಿತು.

ಅವ್ವ "ಶೀಲಾ, ಬರ್ರಿ" ಅನ್ನುವುದು ಬಂದಾಗ ಪಕ್ಕದಲ್ಲಿದ್ದ ಅತ್ತೆ ಮೆಲ್ಲಗೆ, "ನನಗೂ ತವರುಮನಿಯಾಗ ಬ್ಯಾರೆ ಹೆಸರಿತ್ತು," ಅಂದರು.

"ಏನಂತ್ರಿ ಅತ್ತಿ?"

ಬಹಳ ಹೊತ್ತು ಟೀವಿ ನೋಡಿದರು. "ಮರತೈತಿ," ಅಂದರು.

ಕಾರ್ಯಕ್ರಮ ಮುಗಿದ ಕೂಡಲೇ ಹೊಸಪೇಟೆಯ ಹಾಸ್ಟೆಲ್ಲಿನಿಂದ ಮಗಳ ಫೋನು. "ಅವ್ವ, ವಾರ್ಡನ್ ರೂಮಿನಾಗ ಎಲ್ಲಾರೂ ನೋಡಿದ್ವಿ. ನೀನು ಖರೇನ ಸಾಲಿ ಬಿಟ್ಟಿ?"

"ಟೀವಿಯಾಗ ಬಿಟ್ಟೀನಿ."

"ಅಂದ್ರ?"

"ಊಟ ಮಾಡು ಹೋಗು," ಅಂದೆ. ಹಾಗೇಕೆ ಅಂದೆನೋ ಗೊತ್ತಿಲ್ಲ, ಬಾಯಿಗೆ ಬಂತು.

ಗವಿಸಿದ್ದೇಶ್ ಬಂದವರಿಗೆ ಪೇಢೆ ಕೊಡುತ್ತಿದ್ದರು. ಹತ್ತಿರ ಹೋಗಿ, "ಏನ್ರಿ, ಆ ಪತ್ರ ಆಫೀಸಿನಾಗ ತಗೊಂಡಿಲ್ಲ. ಅದರಾಗ ಹೆಸರು ನಂದಲ್ಲ," ಅಂದೆ. "ಅದನ್ನೆಲ್ಲ ಗಾದೆಪ್ಪ ನೋಡ್ಕೋತಾನ, ನೀ ಈಗ ಕಿರೀಟ ಹಾಕ್ಕೊಂಡು ಬಾ, ಮಂದಿ ಫೋಟೋ ಕೇಳಾಕತ್ತಾರ," ಅಂದರು. ಹಾಕಿಕೊಂಡು ಬಂದೆ. ಹೇಳಲಿಲ್ಲ ಅಂತ ನಾಳೆ ಅನ್ನುವ ಹಾಗಿಲ್ಲ, ಹೇಳಿದ್ದೇನೆ.

ಮೂವತ್ತೆಂಟೂ ತಿದ್ದಿ ಮುಗಿದವು. ಚೀಲವನ್ನು ಬಾಗಿಲ ಹತ್ತಿರ ಇಟ್ಟಿದ್ದೇನೆ. ಮಕ್ಕಳ ನೋಟ್‌ಬುಕ್ಕು, ಮುಟ್ಟಿಸಬೇಕಲ್ಲ. ಅಲಾರಂ ಐದಕ್ಕೆ.

11 ಫೆಬ್ರುವರಿ, ಸೋಮವಾರ

ಆರರ ಬಸ್ಸು. ಕಂಡಕ್ಟರ್ ಗುರುತು ಹಿಡಿದ. "ರಾತ್ರಿ ಟೀವಿಯಾಗ ಬಂದಿದ್ರೆಲ್ರೀ. ಕಿರೀಟ ಎಲ್ಲೈತಿ?"

"ಮನಿಯಾಗೈತಿ. ಸಿರುಗುಪ್ಪ ಒಂದು ಕೊಡಪ್ಪ."

ಅತ್ತೆ ಬೇಗ ಎದ್ದಿದ್ದರು. ಚೀಲ ಹೆಗಲಿಗೆ ಹಾಕಿಕೊಳ್ಳುವುದನ್ನು ನೋಡಿದರು, ಎಲ್ಲಿಗೆ ಅಂತ ಕೇಳಲಿಲ್ಲ. ನಾನು ದಾಟಿದ ಮೇಲೆ ಗೇಟಿನ ಚಿಲಕ ಹಾಕಿಕೊಂಡರು. ಬಸ್ಸಿನಲ್ಲಿ ಕೂತಾಗ ಮೈಕೈ ಎಲ್ಲ ನೋವು, ಇಪ್ಪತ್ತೊಂದು ದಿನ ರಜೆ ಇದ್ದವಳಿಗೆ ಇಷ್ಟು ದಣಿವು ಎಲ್ಲಿಂದ ಬಂತೋ. ದಾರಿಯಲ್ಲಿ ನಿದ್ದೆ ಹತ್ತಿತು.

ಚಿದಾನಂದಪ್ಪನವರು ನನ್ನನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಬೀಳ್ಕೊಡಿಸಿಕೊಳ್ಳಾಕ ಬಂದ್ರೇನು ಟೀಚರಮ್ಮಾರ? ನಮ್ಮ ಮನಿ ಮಂದಿಯೆಲ್ಲ ಕುಂತು ನೋಡಿದ್ವಿ. ನೀವು ಬರದು ಕೊಟ್ರೆಲ್ಲ."

"ಬರದು ಕೊಟ್ಟಾಕಿ ಶೀಲಾ ಅಂತ್ರಿ ಸರ್. ನಿಮ್ಮ ಹಾಜರಿ ಪುಸ್ತಕದಾಗ ಆಕಿ ಹೆಸರು ಐತೇನು ನೋಡ್ರಿ."

ಇರುವುದು ಐದೇ ಹೆಸರು. ಆದರೂ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ನೋಡಿದರು. "ಇಲ್ಲ," ಅಂದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಪೆನ್ನಿನ ಟೋಪಿಯನ್ನೂ ತಾವೇ ತೆಗೆದು ಕೊಟ್ಟರು.

ಮೂರನೆಯ ಸಾಲು ನನ್ನದು. ರಜೆಯ ಗುರುತುಗಳು ಮುಗಿದ ಮೇಲಿನ ಚೌಕದಲ್ಲಿ ಸಾವಂತ್ರಮ್ಮ ಅಂತ ಪೂರ್ತಿ ಹೆಸರು ಬರೆದೆ.

ಇದನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಫೋನು ಚೀಲದೊಳಗೆ ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಿದೆ, ಗವಿಸಿದ್ದೇಶನದೇ ಇರಬೇಕು. ಐದರ ಬಸ್ಸಿಗೆ ಹೋಗಿ ಆ ಮನೆಯ ಬಾಗಿಲು ಬಡಿಯಬೇಕು. ತೆಗೆಯುತ್ತಾನೋ ಇಲ್ಲವೋ. ಇಲ್ಲದಿದ್ದರೆ ಅವ್ವನಿರುವ ಕುರುಗೋಡಿಗೂ ಬಸ್ಸಿದೆ, ನಾಳೆ ಅಲ್ಲಿಂದಲೇ ಶಾಲೆಗೆ ಬಂದರಾಯಿತು.

ಬೆಳಿಗ್ಗೆ ಆರನೇ ತರಗತಿಗೆ ಹೋದಾಗ ಮಕ್ಕಳು ಎದ್ದು ನಿಂತವರು ಕೂರಲೇ ಇಲ್ಲ, ಬಾಯಿ ಬಿಟ್ಟು ನೋಡುತ್ತಿದ್ದರು. ನೋಟ್‌ಬುಕ್ಕು ಹಂಚಿದೆ. ತಬಸ್ಸುಮ್ ತನ್ನದನ್ನು ತೆಗೆದುಕೊಂಡು, ಗುಟ್ಟು ಹೇಳುವವಳ ಹಾಗೆ ಹತ್ತಿರ ಬಂದು ದನಿ ತಗ್ಗಿಸಿದಳು.

"ಟೀಚರ್, ಟೀವಿಯಾಗ ನಿಮ್ಮ ಹೆಸರು ತಪ್ಪು ಬರದಿದ್ರು."

"ಹೌದವ್ವ," ಅಂದೆ. "ತಿದ್ದಿ ಬಂದೀನಿ. ಕುಂದರು."